ಬೇಟೆಗಾರನಿಗೆ ಎಲ್ಲೆ ಗೊತ್ತಿರಬೇಕೆ? ಅಶೋಕನ ಐದನೇ ಸ್ತಂಭಶಾಸನದಿಂದ ಒಂದು ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಕಾಡಂಚಿನ ಒಂದು ಊರಿಗೆ ವೀರಗಲ್ಲು ಹುಡುಕಿಕೊಂಡು ಹೋಗಿದ್ದೆ. ಊರಿನವರು ಹೇಳಿದ ಗುರುತು ಹಿಡಿದು ಹಳ್ಳ ದಾಟಿದೆ, ಕಲ್ಲು ಸಿಗಲಿಲ್ಲ. ಇನ್ನೊಂದು ಸ್ವಲ್ಪ ಮುಂದೆ ನೋಡೋಣ ಅಂತ ನಡೆದೆ. ಹಿಂದಿನಿಂದ ಒಬ್ಬ ಅರಣ್ಯ ರಕ್ಷಕರು ಕೂಗಿ ನಿಲ್ಲಿಸಿದರು. ನಾನು ನಿಂತಿದ್ದದ್ದು ವನ್ಯಧಾಮದೊಳಗೆ. "ಗೊತ್ತಿರಲಿಲ್ಲ ಸಾರ್" ಅಂದೆ. ಅವರು ನಕ್ಕು, "ಎಲ್ರೂ ಹಂಗೇ ಅಂತಾರೆ. ಕಾಡಿಗೆ ಬರೋರು ತಿಳ್ಕೊಂಡು ಬರ್ಬೇಕು" ಅಂದರು. ನನ್ನ ಕೈಯಲ್ಲಿದ್ದದ್ದು ಕ್ಯಾಮೆರಾ ಮತ್ತು ಪಡಿಯಚ್ಚಿನ ಕಾಗದ. ಅದರ ಜಾಗದಲ್ಲಿ ಕೋವಿ ಇದ್ದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ.

ಅವರ ಮಾತು ಸರಿ. ಆದರೆ ದಾರಿಯುದ್ದಕ್ಕೂ ಒಂದು ಪ್ರಶ್ನೆ ಕಾಡಿತು. ಎಲ್ಲಿ ಬೇಟೆ ಆಡಬಾರದು ಅನ್ನೋದನ್ನ ತಿಳಿದುಕೊಳ್ಳುವ ಹೊಣೆ ಬೇಟೆಗಾರನದು. ಹಾಗಾದರೆ ತಿಳಿಸುವ ಹೊಣೆ ಯಾರದು? ಶಾಸನ ಓದುವವರಿಗೆ ಇದು ಬಹಳ ಹಳೆಯ ಪ್ರಶ್ನೆ.

ನಮ್ಮ ದೇಶದಲ್ಲಿ ಯಾವ ಪ್ರಾಣಿಯನ್ನು, ಯಾವ ದಿನ, ಯಾವ ಜಾಗದಲ್ಲಿ ಕೊಲ್ಲಬಾರದು ಎಂದು ಕಲ್ಲಿನ ಮೇಲೆ ಬರೆಸಿದ ಮೊದಲ ಪಟ್ಟಿ ಅಶೋಕನ ಐದನೇ ಸ್ತಂಭಶಾಸನ. ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಹೊರಟ ಆಜ್ಞೆ ಇದು. ಇದರ ಪ್ರತಿಗಳು ಈಗ ದೆಹಲಿಯಲ್ಲಿರುವ ತೋಪ್ರಾ ಮತ್ತು ಮೀರತ್ ಕಂಬಗಳ ಮೇಲೆ, ಅಲಹಾಬಾದಿನಲ್ಲಿ, ಬಿಹಾರದ ಲೌರಿಯಾ ಮತ್ತು ರಾಮ್‌ಪುರ್ವಾಗಳಲ್ಲಿ ಇವೆ. ಕರ್ನಾಟಕದಲ್ಲಿ ಇದರ ಪ್ರತಿ ಸಿಕ್ಕಿಲ್ಲ.

ಗಿಳಿ, ಸಾರಿಕ, ಚಕ್ರವಾಕ, ಹಂಸ, ಬಾವಲಿ, ಕೆಲವು ಜಾತಿಯ ಮೀನು, ಬಿಳಿ ಪಾರಿವಾಳ, ಊರ ಪಾರಿವಾಳ, ಹೀಗೆ ಪಟ್ಟಿ ಸಾಗುತ್ತದೆ. ಉಪಯೋಗಕ್ಕೂ ಬಾರದ, ತಿನ್ನಲೂ ಬಳಸದ ನಾಲ್ಕುಕಾಲಿನ ಪ್ರಾಣಿಗಳೆಲ್ಲ ಪಟ್ಟಿಗೆ ಸೇರುತ್ತವೆ. ಗಬ್ಬದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಯನ್ನು ಕೊಲ್ಲುವಂತಿಲ್ಲ. ಆರು ತಿಂಗಳೊಳಗಿನ ಮರಿಯನ್ನೂ ಮುಟ್ಟುವಂತಿಲ್ಲ. ಸುಮ್ಮನೆ ಆಗಲಿ, ಪ್ರಾಣಿಗಳನ್ನು ಕೊಲ್ಲಲಿಕ್ಕಾಗಲಿ ಕಾಡಿಗೆ ಬೆಂಕಿ ಇಡುವಂತಿಲ್ಲ.

ಆಮೇಲೆ ದಿನಗಳ ಲೆಕ್ಕ ಬರುತ್ತದೆ. ಮೂರು ಚಾತುರ್ಮಾಸ್ಯದ ಹುಣ್ಣಿಮೆ, ತಿಷ್ಯ ಹುಣ್ಣಿಮೆ, ಅವುಗಳ ಹಿಂದುಮುಂದಿನ ಚತುರ್ದಶಿ ಮತ್ತು ಪಾಡ್ಯ, ಜೊತೆಗೆ ಉಪವಾಸದ ದಿನಗಳು. ಆ ದಿನಗಳಲ್ಲಿ ಮೀನು ಹಿಡಿಯುವಂತಿಲ್ಲ, ಮಾರುವಂತಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದ ಸಾಲು ಇದರ ಮುಂದಿನದು: ಅದೇ ದಿನಗಳಲ್ಲಿ 'ನಾಗವನ'ದಲ್ಲಿ ಮತ್ತು 'ಕೇವಟಭೋಗ'ದಲ್ಲಿ ಬೇರೆ ಜೀವಿಗಳನ್ನೂ ಕೊಲ್ಲಬಾರದು. ನಾಗವನ ಅಂದರೆ ಆನೆಕಾಡು. ಕೇವಟಭೋಗ ಅಂದರೆ ಬೆಸ್ತರ ಮೀನುಗಾರಿಕೆಗೆ ಬಿಟ್ಟ ನೀರು.

ಈಗ ಒಬ್ಬ ಬೆಸ್ತನ ಜಾಗದಲ್ಲಿ ನಿಂತು ನೋಡಿ. ಅವನು ಮೂರು ವಿಷಯ ತಿಳಿದಿರಬೇಕು. ಹಿಡಿದದ್ದು ಪಟ್ಟಿಯಲ್ಲಿರುವ ಮೀನೋ ಅಲ್ಲವೋ, ಇವತ್ತು ಯಾವ ತಿಥಿ, ತಾನು ನಿಂತಿರುವ ನೀರು ಯಾವ ಎಲ್ಲೆಯೊಳಗಿನದು. ಒಂದು ತಪ್ಪಿದರೂ ಆಜ್ಞೆ ಮೀರಿದ ಹಾಗೆ. ಶಾಸನದಲ್ಲಿ ದಂಡದ ಮಾತಿಲ್ಲ ನಿಜ. ದಂಡಕ್ಕೆ ಅರ್ಥಶಾಸ್ತ್ರದ ಕಡೆ ಹೋಗಬೇಕು.

ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಸೂನಾಧ್ಯಕ್ಷ ಎಂಬ ಅಧಿಕಾರಿಯ ಪ್ರಕರಣವಿದೆ. ಅಭಯವನದ ಪ್ರಾಣಿ, ಪಕ್ಷಿ, ಮೀನುಗಳನ್ನು ಹಿಡಿದವನಿಗೆ, ಕೊಂದವನಿಗೆ ಅತ್ಯಂತ ಹೆಚ್ಚಿನ ದಂಡ. ಆನೆಕಾಡಿನಲ್ಲಿ ಆನೆ ಕೊಂದವನಿಗೆ ಮರಣದಂಡನೆ. ಅಭಯ ಪಡೆದ ಪ್ರಾಣಿಗಳನ್ನು ಹೇಳುವಾಗ ಅಲ್ಲಿ ಬಳಸಿರುವ ಪದ 'ಪ್ರದಿಷ್ಟಾಭಯ'. ಪ್ರದಿಷ್ಟ ಅಂದರೆ ತೋರಿಸಿಕೊಟ್ಟ, ಗೊತ್ತುಮಾಡಿದ. ನನ್ನ ಓದಿನಲ್ಲಿ ಈ ಪದ ಸುಮ್ಮನೆ ಬಂದದ್ದಲ್ಲ. ದಂಡ ಹಾಕುವ ಮೊದಲು ಅಭಯವನ್ನು ಗೊತ್ತುಮಾಡಿರಬೇಕು ಎಂಬ ಭಾವ ಅದರಲ್ಲಿದೆ.

ಗೊತ್ತುಮಾಡುವುದು ಹೇಗೆ? ಬ್ರಾಹ್ಮಿ ಲಿಪಿ ಬೇಟೆಗಾರನಿಗೆ ಓದಲು ಬರುತ್ತಿತ್ತೆ ಎಂದು ನೀವು ಕೇಳಬಹುದು. ಆ ಕಾಲದ ಆಡಳಿತಕ್ಕೂ ಈ ಕಷ್ಟ ತಿಳಿದಿತ್ತು. ಇಲ್ಲಿ ಕರ್ನಾಟಕದ ಕಲ್ಲೊಂದು ನೆರವಿಗೆ ಬರುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ 1989ರಲ್ಲಿ ಅಶೋಕನ ಶಾಸನಗಳು ಸಿಕ್ಕವು. ಹನ್ನೆರಡನೇ ಮತ್ತು ಹದಿನಾಲ್ಕನೇ ಬಂಡೆಶಾಸನಗಳ ಜೊತೆಗೆ, ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಸನ್ನತಿಯ ಪಾಠ ಒಡೆದಿದೆ. ಧೌಲಿಯ ಪಾಠದ ಜೊತೆ ಇಟ್ಟು ಓದಿದರೆ ಅರ್ಥ ಬಿಡಿಸಿಕೊಳ್ಳುತ್ತದೆ.

ಮೊದಲ ಪ್ರತ್ಯೇಕ ಶಾಸನ ನಗರದಲ್ಲಿ ನ್ಯಾಯ ನೋಡುವ ಅಧಿಕಾರಿಗಳಿಗೆ ಹೇಳಿದ್ದು. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂಬುದು ಅದರ ಸಾರ. ಕೊನೆಯಲ್ಲಿ ಒಂದು ಸೂಚನೆ ಇದೆ: ಇದನ್ನು ಪ್ರತಿ ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು, ನಡುವೆ ಸಂದರ್ಭ ಬಂದಾಗ ಒಬ್ಬನೇ ಇದ್ದರೂ ಕೇಳಬೇಕು. ಅಂದರೆ ಕಲ್ಲು ನೆನಪಿಗೆ, ಬಾಯಿಮಾತು ಜನರಿಗೆ. ಕಲ್ಲು ನೆಟ್ಟ ಮಾತ್ರಕ್ಕೆ ತಿಳಿಸುವ ಕೆಲಸ ಮುಗಿಯಲಿಲ್ಲ ಎಂಬುದನ್ನು ಆ ಕಲ್ಲೇ ಹೇಳುತ್ತಿದೆ.

ಎಲ್ಲೆ ತೋರಿಸುವ ವಿಷಯದಲ್ಲಿ ನಮ್ಮ ಕನ್ನಡ ಶಾಸನಗಳು ಇನ್ನೂ ಖಚಿತ. ದಾನಶಾಸನಗಳಲ್ಲಿ ಸೀಮೆ ಹೇಳುವ ಭಾಗ ಓದಿದವರಿಗೆ ಇದು ಗೊತ್ತು. ಮೂಡಲು ಹುತ್ತ, ತೆಂಕಲು ಹಳ್ಳ, ಪಡುವಲು ಹುಣಸೆಮರ, ಬಡಗಲು ನಟ್ಟ ಕಲ್ಲು, ಈ ಬಗೆಯದು. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು, ಮುಕ್ಕೊಡೆಯ ಕಲ್ಲು ಅಕ್ಷರ ಬಾರದವನಿಗೂ ಎಲ್ಲೆ ಹೇಳುತ್ತಿದ್ದವು. ಬೇಟೆಯನ್ನು ನೆನೆಯುವ ಕಲ್ಲುಗಳೂ ನಮ್ಮಲ್ಲಿ ಉಂಟು. ಕ್ರಿ.ಶ. 949-50ರ ಆತಕೂರಿನ ಶಾಸನವನ್ನು ಯಾರು ಮರೆತಾರು? ಬೂತುಗನ ಆಳು ಮಣಲೇರ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿ, ಹಂದಿಯೊಡನೆ ಹೋರಾಡಿ ಎರಡೂ ಸತ್ತ ಕಥೆ. ಆ ಬೇಟೆ ಯಾವ ನಾಡಿನಲ್ಲಿ, ಯಾವ ಊರಿನ ಬೆಟ್ಟದ ಕಡೆ ನಡೆಯಿತು ಎಂಬುದನ್ನೂ ಶಾಸನ ಬಿಡದೆ ಹೇಳುತ್ತದೆ. ಜಾಗ ಹೇಳದೆ ಮಾತು ಮುಗಿಸುವುದು ನಮ್ಮ ಶಾಸನಕಾರರ ಜಾಯಮಾನವಲ್ಲ.

ಈಗಿನ ಕಾನೂನಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಶಾಸನ ಓದಿದ ಕಣ್ಣಿಂದ ಓದಿದಾಗ ನನಗೆ ಆಶ್ಚರ್ಯವಾಯಿತು. 18ನೇ ಕಲಮಿನಲ್ಲಿ ವನ್ಯಧಾಮದ ಎಲ್ಲೆಯನ್ನು ರಸ್ತೆ, ನದಿ, ಬೆಟ್ಟದ ಸಾಲು ಮುಂತಾದ ಎಲ್ಲರಿಗೂ ತಿಳಿಯುವ ಗುರುತುಗಳಿಂದ ಹೇಳಿದರೆ ಸಾಕು ಎಂದಿದೆ. ಇದು ನಮ್ಮ ಸೀಮಾವಿವರಣೆಯೇ. 21ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ಆ ಪ್ರದೇಶದ ಒಳಗಿನ ಮತ್ತು ಅಕ್ಕಪಕ್ಕದ ಪ್ರತಿ ಊರಿನಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಘೋಷಣೆ ಹೊರಡಿಸಬೇಕು. ಇದು ತಿಷ್ಯ ದಿನದ ಓದು. ಕೆಟ್ಟ ಉದ್ದೇಶದಿಂದ ಗಡಿಗುರುತು ಕೀಳುವುದನ್ನು, ಅಳಿಸುವುದನ್ನು 27ನೇ ಕಲಮು ತಡೆಯುತ್ತದೆ. ವನ್ಯಧಾಮದಲ್ಲಿ ಬೆಂಕಿ ಇಡಬಾರದು ಎನ್ನುತ್ತದೆ 30ನೆಯದು.

ಇಷ್ಟು ತಿಳಿಸಿದ ಮೇಲೆ ಹೊಣೆ ಬೇಟೆಗಾರನ ಹೆಗಲಿಗೆ ಬೀಳುತ್ತದೆ. ವಾಸ್ತವದ ತಪ್ಪು ತಿಳಿವಳಿಕೆಗೆ ನಮ್ಮ ದಂಡಸಂಹಿತೆಯಲ್ಲಿ ರಿಯಾಯಿತಿ ಉಂಟು, ಕಾನೂನಿನ ತಪ್ಪು ತಿಳಿವಳಿಕೆಗೆ ಇಲ್ಲ. ವನ್ಯಧಾಮದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಮಾಂಸವೋ ಕೊಂಬೋ ಕೈಯಲ್ಲಿ ಸಿಕ್ಕರೆ, ಅದು ಅಕ್ರಮವಲ್ಲ ಎಂದು ತೋರಿಸುವ ಭಾರ 57ನೇ ಕಲಮಿನಂತೆ ಹಿಡಿದಿಟ್ಟುಕೊಂಡವನದೇ.

1991ರ ತಿದ್ದುಪಡಿಗೆ ಮೊದಲು ಬೇಟೆಗೆ ಪರವಾನಗಿ ಸಿಗುತ್ತಿತ್ತು. ಆಗ 'ಎಲ್ಲಿ' ಎಂಬ ಪ್ರಶ್ನೆಗೆ ಬೆಲೆ ಇತ್ತು. ಈಗ ಪಟ್ಟಿಯಲ್ಲಿರುವ ಪ್ರಾಣಿಯನ್ನು ಅನುಮತಿಯಿಲ್ಲದೆ ಎಲ್ಲಿಯೂ ಕೊಲ್ಲುವಂತಿಲ್ಲ. "ನನ್ನ ಹೊಲ, ನನ್ನ ಉರುಳು" ಅನ್ನುವ ಮಾತೂ ನಡೆಯುವುದಿಲ್ಲ. ಉರುಳು ಹಾಕುವುದೂ ಕಾಯ್ದೆಯ ಅರ್ಥದಲ್ಲಿ ಬೇಟೆಯೇ, ಕಾಡುಹಂದಿ ಪಟ್ಟಿಯಲ್ಲಿರುವ ಪ್ರಾಣಿಯೇ. ಆದರೆ 62ನೇ ಕಲಮಿನಂತೆ ಕೇಂದ್ರ ಸರಕಾರ ಒಂದು ಪ್ರಾಣಿಯನ್ನು ಇಂಥ ಪ್ರದೇಶದಲ್ಲಿ, ಇಷ್ಟು ಅವಧಿಗೆ ಹಾವಳಿಯ ಪ್ರಾಣಿ ಎಂದು ಸಾರಬಹುದು. 2016ರಲ್ಲಿ ಶಿಮ್ಲಾದ ಕೋತಿಗಳ ವಿಷಯದಲ್ಲಿ ಹಾಗೆ ಮಾಡಿತು. ಅಂಥ ಹೊತ್ತಿನಲ್ಲಿ ಅಶೋಕನ ಬೆಸ್ತನ ಮೂರು ಪ್ರಶ್ನೆಗಳೇ ಮರಳಿ ಬರುತ್ತವೆ: ಯಾವ ಪ್ರಾಣಿ, ಯಾವ ದಿನ, ಯಾವ ಎಲ್ಲೆ.

ತಿಳಿಸುವ ಹೊಣೆಯ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಎದುರುಬದುರು ಇಡಬೇಕು. ಎರಡೂ ಬೇಟೆಗೆ ಸಂಬಂಧಿಸಿದವಲ್ಲ. 1951ರ ಹರ್ಲಾ ಮೊಕದ್ದಮೆಯಲ್ಲಿ ಜೈಪುರ ಸಂಸ್ಥಾನದ ಅಫೀಮು ಕಾನೂನನ್ನು ಮಂತ್ರಿಮಂಡಲ ನಿರ್ಣಯವಾಗಿ ಬರೆದಿಟ್ಟಿತ್ತು, ಜನರಿಗೆ ಪ್ರಕಟಿಸಿಯೇ ಇರಲಿಲ್ಲ. ಪ್ರಕಟವಾಗದ ಕಾನೂನಿನ ಮೇಲೆ ಶಿಕ್ಷೆ ನಿಲ್ಲದು ಎಂದಿತು ಕೋರ್ಟು. 1964ರಲ್ಲಿ ಮುಂಬಯಿ ಮೂಲಕ ಹಾದುಹೋಗುತ್ತಿದ್ದ ಒಬ್ಬ ಜರ್ಮನ್ ಪ್ರಯಾಣಿಕನ ಚಿನ್ನದ ಮೊಕದ್ದಮೆಯಲ್ಲಿ, ಅವನು ಬರುವ ನಾಲ್ಕೇ ದಿನ ಮೊದಲು ಗೆಜೆಟ್ಟಿನಲ್ಲಿ ಬಂದ ಅಧಿಸೂಚನೆ ತನಗೆ ಗೊತ್ತಿರಲಿಲ್ಲ ಎಂಬ ವಾದವನ್ನು ಒಪ್ಪಲಿಲ್ಲ. ಸಾರಿದ ಮೇಲೆ ಗೊತ್ತಿಲ್ಲ ಅನ್ನುವಂತಿಲ್ಲ, ಸಾರದೆ ಶಿಕ್ಷಿಸುವಂತಿಲ್ಲ. ಎರಡನ್ನೂ ಕೂಡಿಸಿದರೆ 'ಪ್ರದಿಷ್ಟ' ಎಂಬ ಪದದ ವ್ಯಾಖ್ಯಾನ ಸಿಕ್ಕಂತಾಯಿತು.

ಹಾಗಾದರೆ ಅರಣ್ಯ ರಕ್ಷಕರಿಗೂ ನನಗೂ ನಡೆದ ವಾದದಲ್ಲಿ ಗೆದ್ದವರು ಯಾರು? ಅವರೇ. ವಾಪಸು ಬರುವಾಗ ಅವರು ಹಳ್ಳದ ದಂಡೆಯಲ್ಲಿ ಲಂಟಾನ ಸರಿಸಿ ಒಂದು ಗಡಿಕಲ್ಲು ತೋರಿಸಿದರು. ಬಿಳಿ ಬಣ್ಣ ಮಾಸಿತ್ತು, ಅಂಕಿ ಇತ್ತು. ಹುಡುಕಿದ್ದರೆ ಕಾಣುತ್ತಿತ್ತು. ನಾನು ಹತ್ತನೇ ಶತಮಾನದ ಕಲ್ಲು ಹುಡುಕುತ್ತಾ ಇಪ್ಪತ್ತನೇ ಶತಮಾನದ ಕಲ್ಲನ್ನು ದಾಟಿ ಹೋಗಿದ್ದೆ. ಆದರೆ ಅದನ್ನು ಮುಚ್ಚಿದ್ದ ಲಂಟಾನ ಸವರುವ ಕೆಲಸ ನನ್ನದಲ್ಲ.

ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಿಗೆ ಒಂದು ಮಾತು. ಕಾಡಂಚಿನಲ್ಲಿ ಶಾಸನ ಹುಡುಕುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಅನುಮತಿ ಪತ್ರ ಜೇಬಿನಲ್ಲಿರಲಿ. ಗಡಿಕಲ್ಲು ಯಾವ ಕಾಲದ್ದೇ ಆಗಲಿ, ಅದನ್ನೂ ಓದಿಯೇ ಮುಂದೆ ಹೋಗಿ.