ಕಲಾವಿದ್ಯೆ ಮತ್ತು ಇಂಜಿನಿಯರಿಂಗ್: ಒಂದು ಜೋಡಿ ಪದವಿಯ ಚರಿತ್ರೆ

ಹತ್ತನೆಯ ತರಗತಿ ಮುಗಿದೊಡನೆ ವಿದ್ಯಾರ್ಥಿಯ ಮುಂದೆ ವಿಜ್ಞಾನದ ಬಾಗಿಲೊಂದು, ಕಲೆಯ ಬಾಗಿಲೊಂದು ತೆರೆದು ನಿಲ್ಲುತ್ತವೆ. ಒಂದನ್ನು ಹೊಕ್ಕವನಿಗೆ ಇನ್ನೊಂದು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಈ ವಿಂಗಡಣೆ ವಿದ್ಯೆಯ ಸ್ವಭಾವದಿಂದಲೇ ಬಂದದ್ದೆಂದು ಬಹುಮಂದಿಯ ಭಾವನೆ. ಆದರೆ ಚರಿತ್ರೆ ಬೇರೊಂದು ಮಾತನ್ನು ಹೇಳುತ್ತದೆ. ಇಂಜಿನಿಯರಿಂಗ್ ವಿದ್ಯೆಯು ಕಾಲೇಜುಗಳ ಅಂಗಳಕ್ಕೆ ಕಾಲಿಟ್ಟ ಕಾಲದಲ್ಲಿಯೇ ಅದನ್ನು ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳೊಡನೆ ಕೂಡಿಸಲು ಶ್ರಮಿಸಿದವರಿದ್ದರು. ಎರಡನ್ನೂ ಕಲಿತವನಿಗೆ ಎರಡು ಪದವಿಗಳನ್ನು ಕೊಡುವ ಏರ್ಪಾಡು ಅಮೆರಿಕದ ಹಲವು ವಿದ್ಯಾಸಂಸ್ಥೆಗಳಲ್ಲಿ ಇಂದಿಗೂ ಇದೆ. ಅದರ ಹುಟ್ಟು ಬೆಳವಣಿಗೆಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಅಮೆರಿಕದಲ್ಲಿ ಈ ವಿದ್ಯೆ ಮೊದಲು ನೆಲೆಗೊಂಡದ್ದು ಸೈನ್ಯದ ಶಾಲೆಯಲ್ಲಿ. ವೆಸ್ಟ್ ಪಾಯಿಂಟಿನ ಆ ಶಾಲೆ ಸ್ಥಾಪನೆಯಾದದ್ದು ೧೮೦೨ರಲ್ಲಿ. ನಾಗರಿಕರಿಗಾಗಿ ಟ್ರಾಯ್ ನಗರದಲ್ಲಿ ರೆನ್ಸೆಲೇರ್ ಶಾಲೆ ೧೮೨೪ರಲ್ಲಿ ಹುಟ್ಟಿ, ೧೮೩೫ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿಗಳನ್ನು ನೀಡಿತು. ಇತ್ತ ಹಳೆಯ ಕಾಲೇಜುಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳೇ ವಿದ್ಯೆಯ ತಿರುಳೆನಿಸಿದ್ದವು. ಸೇತುವೆ ಕಟ್ಟುವ ವಿದ್ಯೆಗೂ ಕಾವ್ಯ ಓದುವ ವಿದ್ಯೆಗೂ ಬೇರೆ ಬೇರೆ ಮನೆಗಳಾದುವು.

ಇವೆರಡನ್ನೂ ಒಂದೇ ಸೂರಿನಡಿ ತಂದವರಲ್ಲಿ ಸ್ಕೆನೆಕ್ಟಡಿ ನಗರದ ಯೂನಿಯನ್ ಕಾಲೇಜಿನ ಅಧ್ಯಕ್ಷ ಎಲಿಫಲೆಟ್ ನಾಟ್ ಮುಖ್ಯನಾದವನು. ಆತ ಪಾದ್ರಿ, ಜೊತೆಗೆ ಒಲೆಗಳ ಸುಧಾರಣೆಗಾಗಿ ಪೇಟೆಂಟುಗಳನ್ನು ಪಡೆದಿದ್ದ ಪ್ರಯೋಗಶೀಲ. ೧೮೦೪ರಿಂದ ೧೮೬೬ರವರೆಗೆ ೬೨ ವರ್ಷ ಆ ಪದವಿಯಲ್ಲಿದ್ದನು. ೧೮೨೮ರಲ್ಲಿ ಪ್ರಾಚೀನ ಭಾಷೆಗಳಿಗೆ ಬದಲಾಗಿ ಆಧುನಿಕ ಭಾಷೆಗಳನ್ನೂ ವಿಜ್ಞಾನಗಳನ್ನೂ ಓದಬಹುದಾದ ಪಾಠಕ್ರಮವನ್ನು ತೆರೆದನು. ೧೮೪೫ರಲ್ಲಿ ಸಿವಿಲ್ ಇಂಜಿನಿಯರಿಂಗ್ ಸೇರಿತು. ಅದನ್ನು ಕಲಿಸಲು ಬಂದ ವಿಲಿಯಂ ಗಿಲೆಸ್ಪಿ ೧೮೪೭ರಲ್ಲಿ ರಸ್ತೆ ನಿರ್ಮಾಣದ ಬಗ್ಗೆ ಪುಸ್ತಕ ಬರೆದನು. ೧೮೫೧ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಕೋಂಟನ ಗಣಿತ ತತ್ತ್ವವಿಚಾರವನ್ನು ಇಂಗ್ಲಿಷಿಗೆ ತಂದನು. ಜಲ್ಲಿಯ ಲೆಕ್ಕವನ್ನೂ ತತ್ತ್ವದ ಜಿಜ್ಞಾಸೆಯನ್ನೂ ಬಲ್ಲ ಅಧ್ಯಾಪಕನೊಬ್ಬ ದೊರೆತನೆಂಬುದು ಇಲ್ಲಿ ಗಮನಾರ್ಹ.

ಎರಡನೆಯ ಮಾರ್ಗವನ್ನು ಹಾಕಿಕೊಟ್ಟವನು ಸೈನಿಕನಾದ ಸಿಲ್ವೇನಸ್ ಥೇಯರ್. ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ, ಬಳಿಕ ವೆಸ್ಟ್ ಪಾಯಿಂಟ್ ಸೇರಿ, ೧೮೧೭ರಿಂದ ೧೮೩೩ರವರೆಗೆ ಆ ಶಾಲೆಯ ಮುಖ್ಯಸ್ಥನಾಗಿದ್ದವನು. ಮುಪ್ಪಿನಲ್ಲಿ, ೧೮೬೭ರಲ್ಲಿ, ಡಾರ್ಟ್‌ಮತ್ತಿಗೆ ಹಣವನ್ನು ದಾನವಿತ್ತು ಇಂಜಿನಿಯರಿಂಗ್ ಶಾಲೆಯನ್ನು ಸ್ಥಾಪಿಸಿದನು. ಅವನ ತತ್ತ್ವ ಸರಳವಾದದ್ದು: ಮೊದಲು ವಿಶಾಲವಾದ ಸಾಮಾನ್ಯ ವಿದ್ಯೆ, ಅದರ ಬುನಾದಿಯ ಮೇಲೆ ವೃತ್ತಿವಿದ್ಯೆ. ಇಂದಿಗೂ ಅಲ್ಲಿನ ವಿದ್ಯಾರ್ಥಿಯು ಕಲಾ ಪದವಿಯ ಜೊತೆಗೆ, ಸಾಮಾನ್ಯವಾಗಿ ಐದನೆಯ ವರ್ಷದ ವ್ಯಾಸಂಗದಿಂದ, ಇಂಜಿನಿಯರಿಂಗ್ ಪದವಿಯನ್ನು ಪಡೆಯುತ್ತಾನೆ.

ಮೂರನೆಯದು ಸಮಾಧಾನದ ಮಾರ್ಗ. ಎರಡನೆಯ ಮಹಾಯುದ್ಧವು ಅಣುಬಾಂಬಿನಲ್ಲಿ ಕೊನೆಗೊಂಡ ಮೇಲೆ, ಯಂತ್ರವನ್ನು ಬಲ್ಲವನು ಮನುಷ್ಯನನ್ನೂ ಬಲ್ಲವನಾಗಿರಬೇಡವೆ ಎಂಬ ಪ್ರಶ್ನೆ ತೀಕ್ಷ್ಣವಾಯಿತು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಸಮಿತಿಯೊಂದು ೧೯೪೯ರಲ್ಲಿ ಈ ಬಗ್ಗೆ ವರದಿ ನೀಡಿತು. ಮರುವರ್ಷವೇ ಮಾನವಿಕ ಮತ್ತು ಸಮಾಜ ಶಾಸ್ತ್ರಗಳ ಶಾಲೆ ಅಲ್ಲಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಆ ಸಂಸ್ಥೆಯ ಮಾದರಿಯನ್ನು ಮುಂದಿಟ್ಟುಕೊಂಡದ್ದು ೧೯೪೫ರ ಸರ್ಕಾರ್ ಸಮಿತಿ. ಅದರ ಫಲವಾಗಿ ೧೯೫೧ರಲ್ಲಿ ಖರಗ್‌ಪುರದ ಐ.ಐ.ಟಿ. ಆರಂಭವಾಯಿತು. ಈ ಕ್ರಮದಲ್ಲಿ ಮಾನವಿಕ ಶಾಸ್ತ್ರಗಳಿಗೆ ಸ್ಥಾನವುಂಟು. ಆದರೆ ಪದವಿ ಒಂದೇ. ನಮ್ಮ ಅಭಿಪ್ರಾಯದಲ್ಲಿ ಇದು ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಂತೆ. ರುಚಿಗೆ ಬೇಕು, ಹೊಟ್ಟೆ ತುಂಬುವುದು ಅದರಿಂದಲ್ಲ.

ಹೊಟ್ಟೆ ತುಂಬುವಂತೆ ಎರಡನ್ನೂ ಬಡಿಸಿದವರೂ ಇದ್ದಾರೆ. ೧೮೬೫ರಲ್ಲಿ ರೈಲುಮಾರ್ಗದ ಉದ್ಯಮಿ ಏಸಾ ಪ್ಯಾಕರನ ದಾನದಿಂದ ಹುಟ್ಟಿದ ಲೀಹೈ ವಿಶ್ವವಿದ್ಯಾಲಯದಲ್ಲಿ ಐದು ವರ್ಷಗಳಲ್ಲಿ ಕಲಾ ಪದವಿ, ಇಂಜಿನಿಯರಿಂಗ್ ಪದವಿ ಎರಡನ್ನೂ ಗಳಿಸಬಹುದು. ಕೊಲಂಬಿಯಾ ವಿಶ್ವವಿದ್ಯಾಲಯವು ಬೇರೆ ಕಾಲೇಜಿನಲ್ಲಿ ಮೂರು ವರ್ಷ ಕಲೆಯನ್ನು ಓದಿಬಂದವರಿಗೆ ತನ್ನಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಕಲಿಸಿ, ಎರಡು ಪದವಿಗಳು ಸಿಗುವಂತೆ ಏರ್ಪಡಿಸಿತು. ಇವುಗಳಿಗೆಲ್ಲ ಸಮಾನವಾದದ್ದು ಆ ಐದನೆಯ ವರ್ಷ. ಎರಡು ವಿದ್ಯೆಗಳು ಒಂದು ತಲೆಯಲ್ಲಿ ಹಿಡಿಸುವುವೇ ಎಂಬುದು ನಿಜವಾದ ತೊಡಕಲ್ಲ. ಒಂದು ವರ್ಷದ ಸಂಪಾದನೆಯನ್ನು ಬಿಟ್ಟುಕೊಟ್ಟು ಶುಲ್ಕವನ್ನೂ ತೆರಬಲ್ಲ ಮನೆಗಳೆಷ್ಟು ಎಂಬುದೇ ತೊಡಕು.

ಈ ತೊಡಕನ್ನು ದಾಟಿದ ಬಗೆಗೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮಕ್ಕಳಿಗೆ ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ೧೮೮೧ರಲ್ಲಿ ಬಿ.ಎ. ಪದವೀಧರರಾದರು. ಅಂದಿನ ಬಿ.ಎ. ಇಂದಿನಂತಲ್ಲ, ಭಾಷೆಗಳ ಜೊತೆಗೆ ಗಣಿತ, ವಿಜ್ಞಾನಗಳಿಗೂ ಅದರಲ್ಲಿ ಎಡೆಯಿತ್ತು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಗೆ ಹೋಗಿ, ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾದರು. ಥೇಯರನು ಬಯಸಿದ ಕ್ರಮವೇ ಇಲ್ಲಿ ಅನಾಯಾಸವಾಗಿ ನಡೆದಿದೆ: ಮೊದಲು ಸಾಮಾನ್ಯ ವಿದ್ಯೆ, ಅನಂತರ ವೃತ್ತಿವಿದ್ಯೆ. ಎರಡಕ್ಕೂ ನಡುವೆ ಸೇತುವೆಯಾದದ್ದು ಆ ವಿದ್ಯಾರ್ಥಿವೇತನ. ಅವರು ದಿವಾನರಾಗಿದ್ದಾಗಲೇ ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯ, ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದುವು. ಈ ಮೂರು ವರ್ಷಗಳ ಕ್ರಮವನ್ನು ನೋಡಿದವರು ಇಂಜಿನಿಯರನಿಗೆ ಸಾಹಿತ್ಯವೇಕೆಂದು ಕೇಳಲಾರರು.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಐ.ಐ.ಟಿ.ಗಳಂಥ ಸಂಸ್ಥೆಗಳೂ ಕಲೆ ಮತ್ತು ಮಾನವಿಕ ಶಾಸ್ತ್ರಗಳಿಗೆ ಹೆಚ್ಚಿನ ಎಡೆಗೊಡಬೇಕೆಂದು ಹೇಳಿದೆ. ಸಂತೋಷದ ಮಾತು. ಆದರೆ ಗಡಿನಾಡಿನ ಅಧ್ಯಾಪಕರಾದ ನಮಗೆ ಇದು ದೂರದ ಮಾತಾಗಬಾರದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ರಾಜ್ಯಭಾಷೆ, ಮುಂದಿನ ಓದಿಗೆ ಇಂಗ್ಲಿಷ್ ಎಂದು ಮೂರು ಹೊರೆ ಹೊತ್ತ ಮಗು ಲೆಕ್ಕದಲ್ಲಿ ಜಾಣನೆಂದು ಕಂಡುಬಂದರೆ, ಹಗುರಾಗಲೆಂದು ಮೊದಲು ಕೆಳಗಿಳಿಸುವುದು ಕನ್ನಡವನ್ನು. ಹಾಗೆ ಇಳಿಸಬೇಡವೆಂದು ಹೇಳುವುದು ಸುಲಭ. ಆ ಹೆಚ್ಚಿನ ವರ್ಷದ ವೆಚ್ಚವನ್ನು ಭರಿಸುವುದು ಕಷ್ಟ. ನಮ್ಮ ಸಂಘಗಳು ಶಾಲು ಹಾರಗಳಿಗೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಇಂಥ ಒಬ್ಬ ವಿದ್ಯಾರ್ಥಿಯ ಒಂದು ವರ್ಷಕ್ಕೆ ಸಲ್ಲುವುದಾದರೆ, ಈ ಚರಿತ್ರೆಗೆ ಗಡಿನಾಡೂ ಒಂದು ಸಾಲನ್ನು ಸೇರಿಸಬಹುದು.