ತಂಗಿಯನ್ನು ಮಗಳೆಂದು ಕರೆದಾಗ

1892ರ ಏಪ್ರಿಲ್ 17ರಂದು, ಈಸ್ಟರ್ ಭಾನುವಾರ, ಮುಂಬಯಿಯ ನ್ಯೂ ಆಲ್ಫ್ರೆಡ್ ಥಿಯೇಟರಿನಲ್ಲಿ ಕೊಂಕಣಿಯ ಮೊದಲ ತಿಯಾತ್ರ್ ರಂಗವೇರಿತು. ಗೋವೆಯಿಂದ ಬಂದು ಈ ನಗರದಲ್ಲಿ ನೆಲೆ ಅರಸುತ್ತಿದ್ದ ಲುಕಾಸಿನ್ಹೊ ರಿಬೇರೊ ರಚಿಸಿದ ಆ ನಾಟಕದ ಹೆಸರು ‘ಇಟಾಲಿಯನ್ ಭುರ್ಗೊ’, ಅಂದರೆ ಇಟಲಿಯ ಹುಡುಗ. ಆ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ‘ಇಟಾಲಿಯನ್’ ಎಂಬ ಭಾಷೆ ಅಂದಿನ ಇಟಲಿಯಲ್ಲೇ ಹೆಚ್ಚಿನವರ ಮನೆಮಾತಾಗಿರಲಿಲ್ಲ. ಇತ್ತ ಆ ನಾಟಕವನ್ನಾಡಿದ ಕೊಂಕಣಿಗೆ ಭಾಷೆಯೆಂಬ ಮನ್ನಣೆಯೇ ಇರಲಿಲ್ಲ.

ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ. ಆಗ ಅಲ್ಲಿ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರ ಎಂಬುದು ಭಾಷಾ ಇತಿಹಾಸಕಾರ ತುಲ್ಲಿಯೊ ದೆ ಮಾವ್ರೊ ಅವರ ಅಂದಾಜು. ಉಳಿದವರು ತಮ್ಮ ತಮ್ಮ ಸೀಮೆಯ ನುಡಿಗಳನ್ನಾಡುತ್ತಿದ್ದರು. ಆ ನುಡಿಗಳಲ್ಲಿ ಸಿಸಿಲಿಯನ್ನಿಗೆ ಹಿರಿಮೆಯ ಚರಿತ್ರೆಯೇ ಇತ್ತು. ಹದಿಮೂರನೆಯ ಶತಮಾನದಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಸ್ಥಾನಕವಿಗಳು ಅದರಲ್ಲಿ ಕಾವ್ಯ ಬರೆದರು. ಸಾನೆಟ್ಟಿನ ಹುಟ್ಟನ್ನು ಅವರಲ್ಲೊಬ್ಬನಾದ ಜಾಕೊಮೊ ದ ಲೆಂಟೀನಿಯ ಹೆಸರಿಗೆ ಹಚ್ಚುವುದು ವಾಡಿಕೆ. ಮುಂದೆ ದಾಂತೆ, ಪೆಟ್ರಾರ್ಕ್, ಬೊಕಾಚೊ ಬರೆದ ಟಸ್ಕನಿಯ ನುಡಿ ಮೇಲುಗೈ ಪಡೆದು ಶಿಷ್ಟ ಇಟಾಲಿಯನ್ ಆಯಿತು. ಸಿಸಿಲಿಯನ್ ಅದರ ‘ಉಪಭಾಷೆ’ ಎನಿಸಿತು.

ವ್ಯಾಕರಣ ಹೇಳುವ ಕಥೆ ಬೇರೆ. ‘ಸುಂದರ’ ಎಂಬುದಕ್ಕೆ ಇಟಾಲಿಯನ್ನರು ‘ಬೆಲ್ಲೊ’ ಎಂದರೆ ಸಿಸಿಲಿಯವರು ‘ಬೆಡ್ಡು’ ಎನ್ನುತ್ತಾರೆ. ‘ಬೆಲ್ಲೊ’ ಕೆಟ್ಟು ‘ಬೆಡ್ಡು’ ಆದದ್ದಲ್ಲ. ಲ್ಯಾಟಿನ್ನಿನ ‘ಬೆಲ್ಲುಸ್’ನಿಂದ ಎರಡೂ ಬೇರೆ ಬೇರೆ ದಾರಿ ಹಿಡಿದು ಬಂದವು. ಅವು ಒಂದೇ ತಾಯಿಯ ಮಕ್ಕಳು. ಒಬ್ಬಳಿಗೆ ಪಟ್ಟ ದಕ್ಕಿದ ಮೇಲೆ ಇನ್ನೊಬ್ಬಳನ್ನು ಅವಳ ಮಗಳೆಂದು ಕರೆಯಲಾಯಿತು, ಅಷ್ಟೆ. 1999ರಲ್ಲಿ ಇಟಲಿ ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆ ಮಾಡಿದ ಕಾನೂನಿನ ಪಟ್ಟಿಯಲ್ಲಿ ಸಾರ್ಡೀನಿಯನ್ ಇದೆ, ಸಿಸಿಲಿಯನ್ ಇಲ್ಲ.

ಇದೇ ವ್ಯಾಜ್ಯ ನಮ್ಮ ಮುಂಬಯಿಯಲ್ಲಿ ಮರಾಠಿ–ಕೊಂಕಣಿಗಳ ನಡುವೆ ನಡೆಯಿತು. ಮರಾಠಿಯ ‘ಘೋಡಾ’ ಕೊಂಕಣಿಯಲ್ಲಿ ‘ಘೊಡೊ’. ಮರಾಠಿಯ ‘ಮೀ’ ಅಲ್ಲಿ ‘ಹಾಂವ್’. ಹದಿನೇಳನೆಯ ಶತಮಾನದಲ್ಲಿಯೇ ಈ ಭೇದವನ್ನು ಕಂಡವರಿದ್ದರು. ಪಾದ್ರಿ ಥಾಮಸ್ ಸ್ಟೀಫನ್ಸ್ ತನ್ನ ‘ಕ್ರಿಸ್ತಪುರಾಣ’ವನ್ನು ಮರಾಠಿಯಲ್ಲಿ ರಚಿಸಿದ; ಜನರ ಆಡುಮಾತಾದ ಕೊಂಕಣಿಗೆ ಪ್ರತ್ಯೇಕ ವ್ಯಾಕರಣ ಬರೆದ. 1640ರಲ್ಲಿ ರಾಶೋಲಿನಲ್ಲಿ ಅಚ್ಚಾದ ಆ ವ್ಯಾಕರಣದ ಶೀರ್ಷಿಕೆಯಲ್ಲಿ ಕೊಂಕಣಿಯ ಹೆಸರು ‘ಕನಾರಿಂ’ ಎಂದಿದೆ! ಕನ್ನಡದ ನೆರಳು ಆ ಹೆಸರಿನ ಮೇಲೂ ಬಿದ್ದಿತ್ತು. 1684ರಲ್ಲಿ ಪೋರ್ಚುಗೀಸ್ ಆಡಳಿತವು ಗೋವೆಯ ಜನ ತಮ್ಮ ನುಡಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞಾಪಿಸಿತು. 1905ರಲ್ಲಿ ಗ್ರಿಯರ್ಸನ್ನನ ಭಾಷಾ ಸಮೀಕ್ಷೆ ಕೊಂಕಣಿಯನ್ನು ಮರಾಠಿಯ ಉಪಭಾಷೆಗಳ ಸಾಲಿನಲ್ಲಿ ಕೂರಿಸಿತು.

ಇದಕ್ಕೆ ಉತ್ತರ ಕೊಟ್ಟವರು ಶಣೈ ಗೊಂಯಬಾಬ್ ಎಂದು ಹೆಸರಾದ ವಾಮನ ರಘುನಾಥ ವರ್ದೆ ವಾಲಾವಲಿಕರ್. ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಅವರು ಕೊಂಕಣಿಯ ಸ್ವಾತಂತ್ರ್ಯವನ್ನು ಸಾರಿ 1930ರಲ್ಲಿ ಪುಸ್ತಕವನ್ನೇ ಬರೆದರು. ಎದುರು ಪಕ್ಷದಲ್ಲಿ ಇದೇ ನಗರದ ಮರಾಠಿ ಸಂಶೋಧಕ ಅ. ಕಾ. ಪ್ರಿಯೋಳಕರ್ ಇದ್ದರು. ಅವರೂ ಗೋವೆಯವರೇ. ಗೋವೆಯ ಹಿಂದೂಗಳ ಕೀರ್ತನೆ, ಪುರಾಣ, ಶಾಲೆ ಎಲ್ಲವೂ ತಲೆತಲಾಂತರದಿಂದ ಮರಾಠಿಯಲ್ಲಿಯೇ ನಡೆದಿರಲು ಬೇರೆ ಭಾಷೆಯ ಮಾತೇಕೆ ಎಂಬ ಆ ಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಮನೆಯಲ್ಲಿ ಒಂದು ನುಡಿ, ಪುಸ್ತಕದಲ್ಲಿ ಇನ್ನೊಂದು ನುಡಿ ಎಂಬುದು ಅವರಿಗೆ ಕೊರತೆಯಾಗಿ ಕಾಣಲಿಲ್ಲ.

ಕೊನೆಗೆ ತೀರ್ಪು ಬಂದದ್ದು ಸಂಸ್ಥೆ ಮತ್ತು ಶಾಸನಗಳಿಂದ. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಒಪ್ಪಿತು; 1987ರಲ್ಲಿ ಅದು ಗೋವೆಯ ರಾಜಭಾಷೆಯಾಯಿತು; 1992ರ 71ನೆಯ ತಿದ್ದುಪಡಿ ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಿತು. ಇಂದು ನಮ್ಮ ಜೇಬಿನ ನೋಟಿನ ಹಿಂಬದಿಯಲ್ಲಿ ಕನ್ನಡವೂ ಇದೆ, ಕೊಂಕಣಿಯೂ ಇದೆ. ಆದರೆ ಗೋವೆಯ ರಾಜಭಾಷಾ ಶಾಸನ ಕೊಂಕಣಿಯೆಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ ಎಂದು ಗೆರೆ ಎಳೆಯಿತು. ತಿಯಾತ್ರ್ ಬೆಳೆದ ರೋಮನ್ ಲಿಪಿಯೂ ಮಂಗಳೂರಿನವರ ಕನ್ನಡ ಲಿಪಿಯೂ ಆ ಗೆರೆಯ ಹೊರಗುಳಿದವು. ಪಟ್ಟ ಪಡೆದ ತಂಗಿಯೂ ಅಕ್ಕನ ರೀತಿಯನ್ನೇ ಹಿಡಿದಳು.

ಮುಂಬಯಿ ಕನ್ನಡಿಗರಾದ ನಮಗೆ ಈ ಕಥೆ ಪಕ್ಕದ ಮನೆಯದೆಂದು ತೋರಬಹುದು. ಆದರೆ ಈ ನಗರದ ಕನ್ನಡವನ್ನು ಕಟ್ಟಿದವರಲ್ಲಿ ಎಷ್ಟು ಮಂದಿಯ ಮನೆಮಾತು ಕನ್ನಡವಾಗಿತ್ತು? ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರಲ್ಲಿ ತುಳುವರು ಬಹಳ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ತುಳು ಮಾತಾಡುವವರದು. ಅದು ಹೊರತಂದ ‘ಮೊಗವೀರ’ ಮಾಸಪತ್ರಿಕೆ ಕನ್ನಡದ್ದು. ಗೋವೆಯವರು ಮರಾಠಿಗೆ ಕೊಟ್ಟದ್ದನ್ನೇ ತುಳುವರು ಕನ್ನಡಕ್ಕೆ ಕೊಟ್ಟರು.

ತುಳು ದ್ರಾವಿಡ ಕುಟುಂಬದ ಸ್ವತಂತ್ರ ಭಾಷೆಯೆಂಬುದನ್ನು 1856ರಲ್ಲಿಯೇ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಗುರುತಿಸಿದ್ದಾನೆ. 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆಯೆಂದು ಬರೆಸಿದವರು 18,46,427 ಮಂದಿ. ಕೊಂಕಣಿಯೊಡನೆ 1992ರಲ್ಲಿ ಅನುಸೂಚಿಗೆ ಸೇರಿದ ಮಣಿಪುರಿಯವರ ಸಂಖ್ಯೆ ಇದಕ್ಕಿಂತ ಕಡಿಮೆ: 17,61,079. ಆದರೂ ತುಳು ಅನುಸೂಚಿಯ ಹೊರಗಿದೆ, ಮತ್ತು ‘ಅದು ಕನ್ನಡದ್ದೇ ಒಂದು ಬಗೆ’ ಎಂಬ ಮಾತು ನಮ್ಮ ಸಭೆಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ.

ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆಯೊಂದು ಮುಚ್ಚಿದರೆ ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದದ್ದು. ಅದೇ ತಕ್ಕಡಿಯಲ್ಲಿ ತುಳುವನ್ನೂ ತೂಗಬೇಕಾಗಿದೆ. ತುಳುವನ್ನು ಭಾಷೆಯೆಂದು ಒಪ್ಪಿದರೆ ಕನ್ನಡ ಕಿರಿದಾಗುವುದಿಲ್ಲ. ಇನ್ನೊಂದು ನುಡಿಯವರು ಒಲಿದು ಕಲಿತು ಬೆಳೆಸಿದ ಭಾಷೆ ಎಂಬ ಹೆಮ್ಮೆ ಅದಕ್ಕೆ ದೊರೆಯುತ್ತದೆ.