ಹುಳಿ ಚೆಲ್ಲಿದ ಅಂಗಿ, ಉಬ್ಬೆ ಮತ್ತು ಗೇರಿನ ಗುರುತು: ಕಲೆ ತೆಗೆದವರ ಕಥೆ

ಇವತ್ತಿನ ಕಂತು ಶುರುವಾಗೋದು ನನ್ನ ಒಂದು ಬಿಳಿ ಅಂಗಿಯಿಂದ.

ಹೋದ ತಿಂಗಳು ಅಕ್ಕನ ಮಗುವಿನ ನಾಮಕರಣ ಇತ್ತು. ಪಂಕ್ತಿಯಲ್ಲಿ ಬಡಿಸೋಕೆ ನಿಂತಿದ್ದೆ. ಹುಳಿ ಪಾತ್ರೆ ಒಂಚೂರು ವಾಲಿತು ನೋಡಿ, ಎದೆ ಮೇಲೆ ಅಂಗೈ ಅಗಲದ ಹಳದಿ ಕಲೆ. ಬಚ್ಚಲಿಗೆ ಓಡಿ ಬಟ್ಟೆ ಸೋಪು ಹಚ್ಚಿ ಗಸಗಸ ಉಜ್ಜಿದೆ. ಕಲೆ ಹೋಗೋದಿರಲಿ, ಕಡುಗೆಂಪಾಗಿಬಿಡ್ತು! ಯಾರೋ ನನಗೆ ಚೂರಿ ಹಾಕಿದ ಹಾಗೆ ಕಾಣ್ತಿತ್ತು. ಅಲ್ಲೇ ನಿಂತು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ಒಬ್ಬರು ವಿನಿಗರ್ ಅಂದ್ರು, ಒಬ್ಬರು ಟೂತ್‌ಪೇಸ್ಟ್ ಅಂದ್ರು.

ಹಿಂದೆ ನಿಂತಿದ್ದ ಅಜ್ಜಿ ನಕ್ಕರು. "ಆರತಿ ನೀರು ಕಲಸೋದು ಯಾವತ್ತೂ ನೋಡಿಲ್ವೇನೋ? ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಏನಾಗುತ್ತೆ? ಸುಮ್ನೆ ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವು, ಹೋಗು."

ಹೌದಲ್ವಾ! ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸುಣ್ಣ ಕ್ಷಾರ, ಬಟ್ಟೆ ಸೋಪೂ ಕ್ಷಾರ. ಮನೆಯಲ್ಲಿ ಅರಿಶಿನದಿಂದ ಕುಂಕುಮ ಮಾಡುವಾಗಲೂ ನಡೆಯೋದು ಇದೇ ರಸಾಯನಶಾಸ್ತ್ರ. ಆ ಬಣ್ಣಕ್ಕೆ ಬಿಸಿಲು ತಡೆಯೋ ಶಕ್ತಿ ಇಲ್ಲ, ಬೆಳಕಿಗೆ ಒಡೆದುಹೋಗುತ್ತದೆ. ನನ್ನ ಅಂಗಿ ಎರಡು ದಿನ ತಾರಸಿ ಮೇಲೆ ಒಣಗಿತು. ಈಗ ಹುಡುಕಿದರೂ ಕಲೆ ಸಿಗೋದಿಲ್ಲ.

ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು ಅಂತ ಅಜ್ಜಿಯನ್ನ ಕೇಳಿದೆ. "ನಮ್ಮೂರ ಅಗಸಗಿತ್ತಿ" ಅಂದ್ರು. ಅವರ ಹೆಸರೇನು ಅಂದೆ. ಅಜ್ಜಿ ತುಂಬಾ ಹೊತ್ತು ಯೋಚಿಸಿದರು. ಆಕೆ ಯಾವ ವಾರ ಬರುತ್ತಿದ್ದಳು, ರೇಷ್ಮೆ ಸೀರೆಯನ್ನ ಹೇಗೆ ಹಿಂಡಬಾರದು ಅಂತ ಬೈಯುತ್ತಿದ್ದಳು, ಎಲ್ಲ ನೆನಪಿತ್ತು. ಹೆಸರು ಮಾತ್ರ ನೆನಪಿಗೆ ಬರಲಿಲ್ಲ. "ಹೆಸರು ಹಿಡಿದು ಕರೆದಿದ್ದರೆ ತಾನೇ ನೆನಪಿರೋದು" ಅಂತ ತಾವೇ ಅಂದುಕೊಂಡರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾಗಾಗಿ ಇವತ್ತು ಕಲೆ ತೆಗೆಯುವ ಟಿಪ್ಸ್ ಅಲ್ಲ, ಕಲೆ ತೆಗೆದವರ ಇತಿಹಾಸ.

ಮೊದಲು ಒಂದು ಪದ. ಮಡಿ. ಒಗೆದ ಬಟ್ಟೆಗೂ ಮಡಿ ಅಂತೀವಿ, ಮುಟ್ಟಬಾರದ ಶುದ್ಧಿಗೂ ಮಡಿ ಅಂತೀವಿ. ಊರಿಗೆಲ್ಲ ಆ ಮಡಿಯನ್ನ ಮಾಡಿಕೊಡುವವರು ಮಡಿವಾಳರು. ಹಳ್ಳಿಯ ಆಯಗಾರರ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರರ ಜೊತೆ ಅಗಸರೂ ಇದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಪಾಲಿನ ಧಾನ್ಯ ತರೋದೇ ಅವರ ಸಂಬಳ. ದೇವರ ಉತ್ಸವಕ್ಕೆ, ಮದುವೆ ದಿಬ್ಬಣಕ್ಕೆ ದಾರಿಯಲ್ಲಿ ನಡೆಮಡಿ ಹಾಸುವವರೂ ಅವರೇ. ದೇವರು ನಡೆಯೋ ಬಟ್ಟೆ ಅವರ ಕೈಯಿಂದ ಬರಬೇಕು, ಅವರು ಮಾತ್ರ ಹಿತ್ತಲ ಬಾಗಿಲಿಗೆ ಬರಬೇಕು. ಮನೆಯೊಳಗಿನ ಎಲ್ಲ ಮೈಲಿಗೆಯ ಬಟ್ಟೆಯನ್ನ ಮುಟ್ಟುವವರು ಅನ್ನೋದೇ ಅದಕ್ಕೆ ಕೊಟ್ಟ ಕಾರಣ.

ಈ ಮೈಲಿಗೆ ಅಂದ್ರೆ ಏನು? ಬಿಡಿಸಿ ಹೇಳೋಣ. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸಾವಿನ ಮನೆಯ ಬಟ್ಟೆ. ಹುಡುಗಿ ಮೊದಲ ಸಲ ದೊಡ್ಡವಳಾದಾಗ ಆ ಬಟ್ಟೆ ಹೋಗುತ್ತಿದ್ದದ್ದು ಅಗಸಗಿತ್ತಿಯ ಕೈಗೆ. ರಕ್ತದ ಕಲೆಗೆ ಬಿಸಿನೀರು ಸೋಕಿದರೆ ಮೊಟ್ಟೆ ಬೆಂದ ಹಾಗೆ ಅದರ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಬೇರೆಲ್ಲ. ಈಗಿನ ಪೌಡರ್ ಡಬ್ಬದ ಮೇಲೆ 'ಎಂಜೈಮ್' ಅಂತ ಬರೆದಿರುತ್ತಲ್ಲ, ಅದು ಇದೇ ಪ್ರೋಟೀನನ್ನ ತುಂಡರಿಸೋ ವಸ್ತು. ಜರ್ಮನಿಯ ಓಟೋ ರೋಮ್ 1913ರಲ್ಲಿ ಅದರ ಪೇಟೆಂಟ್ ಪಡೆದರು, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಎಂಜೈಮ್ ಬಳಸಿ. ಅವರ ಹೆಸರು ಪುಸ್ತಕಗಳಲ್ಲಿದೆ.

ಸರಿ, ಸೋಪು ಇಲ್ಲದ ಕಾಲದಲ್ಲಿ ಅಗಸರು ಒಗೆಯುತ್ತಿದ್ದದ್ದು ಹೇಗೆ? ಸವಳು ಮಣ್ಣು. ಬಯಲುಸೀಮೆ ಕಡೆಯವರಿಗೆ ಗೊತ್ತಿರುತ್ತೆ, ಬೇಸಿಗೆಯಲ್ಲಿ ಕೆಲವು ಹೊಲಗಳ ಮೇಲೆ ಬೆಳ್ಳಗೆ ಉಪ್ಪು ಬಿಟ್ಟಹಾಗೆ ಪದರ ಏಳುತ್ತದೆ. ರೈತನಿಗೆ ಅದು ಶಾಪ. ಅಗಸನಿಗೆ ಅದರಲ್ಲಿರೋ ವಾಷಿಂಗ್ ಸೋಡಾ ಬೇಕು. ಅದು ಸಿಗದ ಕಡೆ ಒಲೆಯ ಬೂದಿ. ಬಟ್ಟೆಯನ್ನ ಈ ನೀರಿನಲ್ಲಿ ಅದ್ದಿ, ಕುದಿಯೋ ಹಂಡೆಯ ಬಾಯಿ ಮೇಲೆ ಸುತ್ತಲೂ ಪೇರಿಸಿ, ಗಂಟೆಗಟ್ಟಲೆ ಹಬೆ ಕೊಡುತ್ತಿದ್ದರು. ಇದಕ್ಕೆ ಉಬ್ಬೆ ಅಂತ ಹೆಸರು. ಉಬ್ಬೆ ಹಾಕಿದಾಗ ಬಟ್ಟೆಯಲ್ಲಿರೋ ಎಣ್ಣೆ ಜಿಡ್ಡಿನ ಒಂದು ಭಾಗ ಕ್ಷಾರದ ಜೊತೆ ಸೇರಿ, ಅಲ್ಲೇ, ನೂಲಿನ ಮೇಲೇ ಸೋಪಾಗುತ್ತದೆ. ಯೋಚಿಸಿ, ಕೊಳೆಯನ್ನೇ ಸೋಪು ಮಾಡಿ ಕೊಳೆ ತೆಗೆಯೋದು! ಬೆಳಗ್ಗೆ ಹಳ್ಳದ ಬಂಡೆ ಮೇಲೆ ಅದನ್ನ ಕುಕ್ಕಿ ಜಾಲಿಸೋದು.

ಹಾಗಂತ ಎಲ್ಲ ಬಟ್ಟೆಗೂ ಉಬ್ಬೆ ಇಲ್ಲ. ರೇಷ್ಮೆ, ಉಣ್ಣೆ ಎರಡೂ ಪ್ರಾಣಿಯಿಂದ ಬಂದ ನೂಲು, ಗಟ್ಟಿ ಕ್ಷಾರ ಬಿದ್ದರೆ ಹಾಳಾಗುತ್ತವೆ. ಅದಕ್ಕೆ ಅಂಟುವಾಳದ ಕಾಯಿಯ ನೊರೆ, ಅದು ಸೌಮ್ಯ. ಕಂಬಳಿಗೂ ಅದೇ. ನನಗೆ ಯಾವ ಬಟ್ಟೆಗೆ ಯಾವ ಮೋಡ್ ಅಂತ ವಾಷಿಂಗ್ ಮಷಿನ್ ಗುಂಡಿ ನೋಡಿದರೂ ಗೊತ್ತಾಗಲ್ಲ, ನಿಜ ಹೇಳಬೇಕು ಅಂದ್ರೆ.

ಬಿಳುಪಿಗೆ ಮತ್ತೆ ಬಿಸಿಲೇ. ಒದ್ದೆ ಬಟ್ಟೆಯನ್ನ ಹುಲ್ಲಿನ ಮೇಲೆ ಹರವಿ, ಒಣಗಿದಂತೆ ನೀರು ಚಿಮುಕಿಸಿ ಮತ್ತೆ ಒಣಗಿಸೋದು. ಯುರೋಪಿನಲ್ಲೂ ಹೀಗೇ ಇತ್ತು, ಅಲ್ಲಿನ ಮಂಕು ಬಿಸಿಲಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ ಮೇಲೆ ಆ ಕಾಯುವ ಕೆಲಸ ಮುಗಿಯಿತು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಕಲೆ ತೆಗೆಯೋದೇ ಕಸುಬಾದವರು ಬೇಕಂತಲೇ ಹಾಕುತ್ತಿದ್ದ ಒಂದು ಕಲೆ. ಊರಿನ ಬಟ್ಟೆಯೆಲ್ಲ ಒಂದೇ ಗಂಟಿನಲ್ಲಿ ಸೇರಿದರೆ ಯಾರ ಪಂಚೆ ಯಾರದ್ದು ಅಂತ ತಿಳಿಯಬೇಕಲ್ಲ? ಅದಕ್ಕೆ ಕಾಡಿನ ಗೇರು ಬೀಜ. ಗೋಡಂಬಿ ಅಲ್ಲ, ಅದರ ದಾಯಾದಿ, ಕರಿಗೇರು. ಆ ಬೀಜಕ್ಕೆ ಸೂಜಿ ಚುಚ್ಚಿ, ರಸವನ್ನ ಬಟ್ಟೆ ಅಂಚಿಗೆ ಚುಕ್ಕೆ ಇಟ್ಟು, ಮೇಲೆ ಒಂದಿಷ್ಟು ಸುಣ್ಣ ಒತ್ತಿದರೆ ಮುಗೀತು. ರಸ ಗಾಳಿಗೆ ಕಪ್ಪಾಗಿ ಗಟ್ಟಿಯಾಗಿ ನೂಲಿನೊಳಗೆ ಕೂರುತ್ತದೆ. ಉಬ್ಬೆ ಹಾಕಿದರೂ ಹೋಗಲ್ಲ, ಸೋಪಿಗೂ ಜಗ್ಗಲ್ಲ. ಎರಡು ಚುಕ್ಕೆ ಒಂದು ಗೀಟು ಅಂದ್ರೆ ಒಂದು ಮನೆ, ಅಡ್ಡಗೀಟು ಅಂದ್ರೆ ಇನ್ನೊಂದು. ಓದು ಕಲಿಯೋಕೆ ಯಾರೂ ಬಿಡದ ಜನ ತಮ್ಮದೇ ಒಂದು ಲಿಪಿ ಇಟ್ಟುಕೊಂಡಿದ್ದರು. ಇಂಗ್ಲಿಷಿನವರು ಆ ಬೀಜಕ್ಕೆ ಇಟ್ಟ ಹೆಸರೇ 'ಮಾರ್ಕಿಂಗ್ ನಟ್'.

ಆದರೆ ಆ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮಾವಿನ ಸೊನೆಯ ಹಾಗೆ, ಅದಕ್ಕಿಂತ ಜೋರಾಗಿ. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತಕ್ಕೆ ಬಂದ ವಿದೇಶಿ ಸೈನಿಕರಿಗೆ ಕತ್ತಿನ ಹಿಂದೆ, ಸೊಂಟದ ಹತ್ತಿರ ವಿಚಿತ್ರ ಗುಳ್ಳೆ ಕಾಣಿಸಿಕೊಂಡವು. ಸೇನಾ ವೈದ್ಯರು ಹುಡುಕಿದಾಗ ಕಾರಣ ಸಿಕ್ಕಿದ್ದು ದೋಬಿ ಗುರುತಿನಲ್ಲಿ. ಆ ತೊಂದರೆಯ ಬಗ್ಗೆ ವೈದ್ಯಕೀಯ ಲೇಖನಗಳು ಬಂದವು. ಗುರುತು ಹಾಕುವ ಬೆರಳುಗಳಿಗೂ ಅದೇ ರಸ ದಿನಾ ತಾಗುತ್ತಿತ್ತು ಅನ್ನೋದು ನಮ್ಮ ಗಮನಕ್ಕೆ ಬರೋದು ಆಮೇಲೆ, ಬಂದರೆ.

ಈ ಕಸುಬನ್ನ ಹೆಸರಿನಲ್ಲೇ ಇಟ್ಟುಕೊಂಡು ತಲೆ ಎತ್ತಿ ನಿಂತವರು ಹನ್ನೆರಡನೇ ಶತಮಾನದ ಮಡಿವಾಳ ಮಾಚಿದೇವ. ಹುಟ್ಟೂರು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ, ಕೆಲಸ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡೋದು, ವಚನಗಳ ಅಂಕಿತ ಕಲಿದೇವರದೇವ. ಕಾಯಕ ಮಾಡದವರ ಬಟ್ಟೆ ತಾನು ಮುಟ್ಟಲ್ಲ ಅನ್ನುತ್ತಿದ್ದರು ಅಂತ ಐತಿಹ್ಯ. ಯಾರನ್ನ ಯಾರು ಮುಟ್ಟಬಾರದು ಅನ್ನೋ ಲೆಕ್ಕವನ್ನೇ ತಿರುಗಿಸಿಟ್ಟ ಕಥೆ ಅದು.

ಮುಂದಿನದು ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. 1888ರಲ್ಲಿ ಕೋಲ್ಕತ್ತ ಬಂದರಿಗೆ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಬಂದವು. 1959ರಲ್ಲಿ ಸರ್ಫ್. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಸೈಕಲ್ ಮೇಲೆ ಮಾರೋಕೆ ಶುರುಮಾಡಿದ ಹಳದಿ ಪುಡಿ ನಿರ್ಮಾ. ನಮ್ಮ ಮೈಸೂರು ಸ್ಯಾಂಡಲ್ ಇಲ್ಲಿ ಬರಲ್ಲ, ಅದು ಮೈಗೆ ಹಚ್ಚೋದು, ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ. ಪುಡಿ ಬಂದ ಮೇಲೆ ಒಗೆಯೋ ಕೆಲಸ ಮನೆಯೊಳಗಿನ ಹೆಂಗಸರ ಪಾಲಿಗೆ ಬಂತು, ಅಗಸರ ಪಾಲಿಗೆ ಇಸ್ತ್ರಿ ಗಾಡಿ ಉಳಿಯಿತು.

ಉಳಿದದ್ದು ಇನ್ನೊಂದಿದೆ. ಉತ್ತರ ಪ್ರದೇಶ, ಬಿಹಾರದಲ್ಲಿ ಧೋಬಿಗಳು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಮಡಿವಾಳರು ಪ್ರವರ್ಗ 2ಎ. ನಮ್ಮನ್ನೂ ಪರಿಶಿಷ್ಟ ಜಾತಿಗೆ ಸೇರಿಸಿ ಅನ್ನೋ ಬೇಡಿಕೆ ಹಳೆಯದು, ಇವತ್ತಿಗೂ ಬೇಡಿಕೆಯಾಗೇ ಇದೆ. ಒಂದೇ ಕಸುಬು, ಒಂದೇ ಹಿತ್ತಲ ಬಾಗಿಲು, ರಾಜ್ಯ ಬದಲಾದರೆ ಪಟ್ಟಿ ಬೇರೆ. ಸೇರಿಸೋದೋ ಬಿಡೋದೋ ಅನ್ನೋ ವಾದದಲ್ಲಿ ಆ ಮುಟ್ಟಿನ ಬಟ್ಟೆಯ ಗಂಟು ಲೆಕ್ಕಕ್ಕೆ ಬರಲೇಬೇಕು ಅಂತ ನನಗನಿಸುತ್ತೆ.

ಮೊನ್ನೆ ಊರಿಗೆ ಹೋದಾಗ ಅಜ್ಜಿಯ ಟ್ರಂಕ್ ತೆಗೆಸಿದೆ. ತಳದಲ್ಲಿ ತಾತನ ಹಳೇ ಪಂಚೆ. ಅಂಚಿನಲ್ಲಿ ಮೂರು ಚುಕ್ಕೆ, ಕೆಳಗೆ ಒಂದು ಗೀಟು, ಮಸಿ ಕಪ್ಪು. ಪಂಚೆ ಪೂರ್ತಿ ಹಳದಿಗಟ್ಟಿ ಜಾಳಾಗಿದೆ, ಗುರುತು ಮಾತ್ರ ಮೊನ್ನೆ ಹಾಕಿದ ಹಾಗಿದೆ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲೂ ಹುಡುಕಿ. ಸಿಕ್ಕರೆ ಫೋಟೋ ತೆಗೆದು ಕಳಿಸಿ, ಅದನ್ನ ಹಾಕಿದವರ ಹೆಸರು ಮನೆಯಲ್ಲಿ ಯಾರಿಗಾದ್ರೂ ಗೊತ್ತಿದ್ದರೆ ಅದನ್ನೂ ಬರೆದು ಕಳಿಸಿ.